ಕೇಳಿ ಮುಟ್ಟಬೇಕು

ಅಂಗವಿಕಲರ ನೆರವಿನ ಸೇವೆಗೆ ಸೇರುವ ಸಿಬ್ಬಂದಿಗೂ ಸ್ವಯಂಸೇವಕರಿಗೂ ಕೊಡುವ ನೀತಿಸಂಹಿತೆಯೊಂದನ್ನು ಈ ವಾರ ಮತ್ತೆ ಓದಿದೆ. ಹಣ, ಉಡುಗೊರೆ, ಸಾಲ ಪಡೆಯಬಾರದೆಂಬ ನಿಯಮಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಗಾಲಿಕುರ್ಚಿಯಲ್ಲಿರುವವರನ್ನು ಕೇಳದೆಯೇ ಹಿಂದಿನಿಂದ ತಳ್ಳುವುದು, ಮಾತು ನಿಧಾನವಾದವರ ವಾಕ್ಯವನ್ನು ನಾವೇ ಮುಗಿಸುವುದು, ಅವರೆದುರೇ ನಿಂತು ಜೊತೆಗಿದ್ದವರನ್ನು ‘ಇವರಿಗೆ ಏನು ಬೇಕಂತೆ?’ ಎಂದು ವಿಚಾರಿಸುವುದು, ಇವೆಲ್ಲ ಒಳ್ಳೆಯ ಮನಸ್ಸಿನಿಂದಲೇ ನಡೆಯುವುದರಿಂದ ಉಲ್ಲಂಘನೆಯೆಂದು ಯಾರಿಗೂ ಅನ್ನಿಸುವುದೇ ಇಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು ತನ್ನ ಮೂಲತತ್ವಗಳಲ್ಲಿ ಮೊದಲಿಗೇ ವ್ಯಕ್ತಿಯ ಘನತೆಯನ್ನೂ ಸ್ವಂತ ಆಯ್ಕೆಯ ಸ್ವಾತಂತ್ರ್ಯವನ್ನೂ ಇರಿಸಿದೆ. ಅದರ 16ನೆಯ ವಿಧಿ ಶೋಷಣೆ, ಹಿಂಸೆಗಳಿಂದ ರಕ್ಷಣೆಯ ಬಗ್ಗೆ ಹೇಳಿದರೆ, 22ನೆಯದು ಖಾಸಗಿತನವನ್ನು ಕಾಯುತ್ತದೆ. ಹಾಗಿದ್ದೂ ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಬಾಗಿಲು ತೆರೆದೇ ಇಡುವವರೂ, ಸೇವೆಯ ಫೋಟೊಗಳನ್ನು ಒಪ್ಪಿಗೆಯಿಲ್ಲದೆ ಹಂಚುವವರೂ (ಕೆಲವರಿಗೆ ಅದು ಪುಣ್ಯದ ದಾಖಲೆ!) ಇದ್ದೇ ಇದ್ದಾರೆ. ನನ್ನ ಮಟ್ಟಿಗೆ, ಸಹೋದ್ಯೋಗಿಯ ತಪ್ಪನ್ನು ವರದಿ ಮಾಡಬೇಕೆಂಬ ನಿಯಮವೇ ಎಲ್ಲಕ್ಕಿಂತ ಕಠಿಣವಾದದ್ದು. ದೂರು ಕೊಟ್ಟವರಿಗೆ ರಕ್ಷಣೆಯಿಲ್ಲದ ಕಡೆ ಅದು ಸಹಿ ಹಾಕಿ ಮರೆಯುವ ಕಾಗದವಷ್ಟೇ; ಆದ್ದರಿಂದ ದೂರನ್ನು ಸ್ವೀಕರಿಸುವವರಲ್ಲಿ ಸಂಸ್ಥೆಯ ಹೊರಗಿನ ಒಬ್ಬರಾದರೂ, ಸಾಧ್ಯವಾದರೆ ಸ್ವತಃ ಅಂಗವಿಕಲರೇ ಆದವರು, ಇರುವುದು ಅಗತ್ಯವೆಂದು ನನಗೆ ತೋರುತ್ತದೆ.