ಸಬ್ಬಕ್ಕಿಯಷ್ಟು ಜೆಲ್, ವಿದ್ಯಾರ್ಥಿ ಸಂಘದ ಒಂದು ಶನಿವಾರ

ಟಿಶ್ಯೂ ಎಂಜಿನಿಯರಿಂಗ್‌ನ (ಲ್ಯಾಬಿನಲ್ಲಿ ದೇಹದ ಅಂಗಾಂಶ ಬೆಳೆಸುವ ಕ್ಷೇತ್ರ) ಅಂತರರಾಷ್ಟ್ರೀಯ ಸಂಘಟನೆ ಟರ್ಮಿಸ್‌ನಲ್ಲಿ ವಿದ್ಯಾರ್ಥಿಗಳು ಮತ್ತು ಯುವ ಸಂಶೋಧಕರಿಗೆಂದೇ ಒಂದು ವಿಭಾಗವಿದೆ. ಅಮೆರಿಕ, ಯುರೋಪ್, ಏಷ್ಯಾ-ಪೆಸಿಫಿಕ್ ಅಂತ ಮೂರು ವಲಯ. ನಾವು ಮೂರನೆಯದರಲ್ಲಿ ಬರುತ್ತೇವೆ. ನಮ್ಮ ಕಾಲೇಜುಗಳಲ್ಲಿ ಇಂಥ ಸಂಘ ಕಟ್ಟುವವರು ಉಪನ್ಯಾಸ, ವೆಬಿನಾರ್‌ಗಳಿಂದ ಶುರು ಮಾಡುತ್ತಾರೆ. ಮೊದಲು ಕೈಕೆಲಸ ಇಡಿ ಅನ್ನುತ್ತೇನೆ ನಾನು. ಜೀವಕೋಶ ಬೆಳೆಸುವ ಲ್ಯಾಬ್ ಇಲ್ಲ ಅಂತ ಕೈಬಿಡಬೇಕಿಲ್ಲ. ಸಂಶೋಧಕರು ಕೋಶಗಳನ್ನು ಕೂಡಿಹಾಕಲು ಬಳಸುವ ಆಲ್ಜಿನೇಟ್ ಎಂಬ ಜೆಲ್ಲಿನ ಮಣಿಗಳನ್ನು ಕೋಶವಿಲ್ಲದೆಯೂ ಮಾಡಬಹುದು. ಅದಕ್ಕೆ ಆ ಲ್ಯಾಬ್ ಬೇಡ, ಪ್ರಾಣಿ ಅಥವಾ ಮಾನವ ಕೋಶಗಳನ್ನು ಬಳಸದ ಕಾರಣ ಎಥಿಕ್ಸ್ ಸಮಿತಿಯ ಅನುಮತಿಯೂ ಬೇಡ.

30 ಜನರನ್ನು ಮೂವರಂತೆ 10 ತಂಡ ಮಾಡಿ. 150 ಎಂಎಲ್ ಡಿಸ್ಟಿಲ್ಡ್ ವಾಟರ್‌ಗೆ 3 ಗ್ರಾಂ ಸೋಡಿಯಂ ಆಲ್ಜಿನೇಟ್, ಅಂದರೆ 2%. ಕ್ಯಾಲ್ಸಿಯಂ ಕ್ಲೋರೈಡ್ 100 ಮಿಲಿಮೋಲಾರ್, 500 ಎಂಎಲ್. ಬಾಟಲಿ ಮೇಲೆ ಡೈಹೈಡ್ರೇಟ್ ಅಂತಿದ್ದರೆ 7.35 ಗ್ರಾಂ, ಅನ್‌ಹೈಡ್ರಸ್ ಆದರೆ 5.55 ಗ್ರಾಂ. ಲೇಬಲ್ ಓದದೆ ತೂಗಿದರೆ ಇಲ್ಲೇ ಲೆಕ್ಕ ತಪ್ಪುತ್ತದೆ.

ಆಲ್ಜಿನೇಟ್ ಪುಡಿಯನ್ನು ಒಮ್ಮೆಲೇ ಸುರಿದರೆ ರಾಗಿ ಅಂಬಲಿಯಲ್ಲಿ ಆಗುವಂತೆಯೇ ಗಂಟಾಗುತ್ತದೆ: ಹೊರಗೆ ಅಂಟು, ಒಳಗೆ ಒಣಪುಡಿ. ಸ್ಟಿರರ್ ತಿರುಗುತ್ತಿರುವಾಗ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಶುಕ್ರವಾರ ಸಂಜೆಯೇ ಶುರು ಮಾಡಿ ರಾತ್ರಿಯಿಡೀ ಬಿಡಿ. ಗುಳ್ಳೆಗಳೂ ಅಷ್ಟರಲ್ಲಿ ಏಳುತ್ತವೆ. ಬೋರ್‌ವೆಲ್ ನೀರು ಬಳಸಲೇಬೇಡಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೀಕರಿನಲ್ಲೇ ಅದನ್ನು ಅಲ್ಲಲ್ಲಿ ಹೆಪ್ಪುಗಟ್ಟಿಸುತ್ತದೆ.

ಸಿರಿಂಜಿಗೆ 22 ಗೇಜ್‌ನ ಮೊಂಡು ಸೂಜಿ ಹಾಕಿ, ನೆಟ್ಟಗೆ ಹಿಡಿದು, ಒಂದೊಂದೇ ಹನಿಯನ್ನು ಕ್ಯಾಲ್ಸಿಯಂ ದ್ರಾವಣಕ್ಕೆ ಬಿಡಬೇಕು. ಮುಟ್ಟಿದ ಕೂಡಲೇ ಹನಿ ಗಟ್ಟಿಯಾಗುತ್ತದೆ, ನೆನೆದ ಸಬ್ಬಕ್ಕಿಯ ಹಾಗೆ. ತೀರಾ ಹತ್ತಿರದಿಂದ ಬಿಟ್ಟರೆ ಮಣಿಗೆ ಬಾಲ ಬರುತ್ತದೆ, ತೀರಾ ಎತ್ತರದಿಂದ ಬಿಟ್ಟರೆ ಚಪ್ಪಟೆ. ಎತ್ತರ ಸರಿಯಿದ್ದೂ ಬಾಲ ಬಂದರೆ ಆಲ್ಜಿನೇಟ್ ದ್ರಾವಣ ಮಂದವಾಗಿದೆ ಎಂದರ್ಥ, ಸ್ವಲ್ಪ ನೀರು ಸೇರಿಸಿ. 10 ನಿಮಿಷ ಬಿಟ್ಟು ತೆಗೆದು 0.9% ಸಲೈನ್‌ನಲ್ಲಿ ತೊಳೆಯಿರಿ. ಲ್ಯಾಬಿನ ಅಭ್ಯಾಸಬಲದಿಂದ ಫಾಸ್ಫೇಟ್ ಬಫರಿಗೆ ಹಾಕಿಬಿಟ್ಟರೆ, ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಸೆಳೆದುಕೊಂಡು ಮಣಿ ಮೆತ್ತಗಾಗಿ ಕರಗತೊಡಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಬರೀ ಪ್ರದರ್ಶನ. ಮಣಿಗಳನ್ನು ಅಡುಗೆ ಬಣ್ಣ ಕದಡಿದ ಸಲೈನ್‌ನಲ್ಲಿ ಮುಳುಗಿಸಿ. 1, 5, 30 ನಿಮಿಷಕ್ಕೆ ಒಂದೊಂದನ್ನು ತೆಗೆದು, ಬ್ಲೇಡಿನಿಂದ ಅರ್ಧಕ್ಕೆ ಕೊಯ್ದು ಬಿಳಿ ಕಾಗದದ ಮೇಲಿಡಿ. ಐದನೇ ನಿಮಿಷದ ಹೋಳಿನಲ್ಲಿ ಅಂಚಿಗೆ ಮಾತ್ರ ಬಣ್ಣದ ಉಂಗುರ, ನಡುವೆ ಖಾಲಿ. ಈ ಕ್ಷೇತ್ರದ ದೊಡ್ಡ ತೊಡಕು ಆ ಹೋಳಿನಲ್ಲಿದೆ. ದೇಹದಲ್ಲಿ ಹೆಚ್ಚಿನ ಕೋಶಗಳು ರಕ್ತನಾಳದಿಂದ 100–200 ಮೈಕ್ರೋಮೀಟರ್ ಒಳಗೇ ಇರುತ್ತವೆ. ಕೋಶ ತುಂಬಿದ 3 ಮಿಲಿಮೀಟರ್ ಮಣಿಯಾದರೆ, ಅದರ ನಡುವಿನ ಕೋಶಕ್ಕೆ ಆಮ್ಲಜನಕ 1,500 ಮೈಕ್ರೋಮೀಟರ್ ದಾಟಿ ಬರಬೇಕು, ಅದೂ ದಾರಿಯಲ್ಲಿರುವ ಕೋಶಗಳು ಉಸಿರಾಡಿ ಉಳಿಸಿದ್ದು. ತೆಳುವಾದ ಚರ್ಮವನ್ನು ಲ್ಯಾಬಿನಲ್ಲಿ ಬೆಳೆಸಲು ಸಾಧ್ಯವಾದರೂ ದಪ್ಪನೆಯ ಯಕೃತ್ತು ಇನ್ನೂ ಕೈಗೆಟುಕದಿರುವುದಕ್ಕೆ ಒಂದು ಮುಖ್ಯ ಕಾರಣ ಇದು. ಮೂರನೇ ಸೆಮಿಸ್ಟರ್ ವಿದ್ಯಾರ್ಥಿಗೂ ಇದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಅವಸರ ಮಾಡಬೇಡಿ, ಪ್ರಶ್ನೆಗಳು ಬರಲಿ.

ಸಮಯ ಉಳಿದರೆ ಮಣಿಗಳನ್ನು ಸೋಡಿಯಂ ಸಿಟ್ರೇಟ್‌ನಲ್ಲಿ ಕರಗಿಸಿ ತೋರಿಸಬಹುದು. ಕೂಡಿಹಾಕಿದ ಕೋಶಗಳನ್ನು ಹೊರತೆಗೆಯುವ ವಿಧಾನವೂ ಅದೇ.

ಸಂಘ ನಡೆಸುವ ವಿಷಯದಲ್ಲಿ ಒಂದೇ ಮಾತು. ಪದಾಧಿಕಾರಿಗಳು ಥೀಸಿಸ್ ಬರೆಯಲು ಕೂತೊಡನೆ ಸಂಘ ಮಲಗುತ್ತದೆ. ಆದ್ದರಿಂದ ಮುಂದಿನ ವರ್ಷದವರು ಹಿಂದಿನ ವರ್ಷದವರ ಜೊತೆ ಕನಿಷ್ಠ ಎರಡು ಕಾರ್ಯಾಗಾರ ಒಟ್ಟಿಗೆ ಮಾಡಲಿ, ಪ್ರತಿ ಬಾರಿಯೂ ಒಂದು ಪುಸ್ತಕದಲ್ಲಿ ಬರೆದಿಡಲಿ: ಎಷ್ಟು ತೂಗಿದ್ದು, ಯಾವ ನೀರು, ಯಾವ ತಂಡದ ಮಣಿಗೆ ಬಾಲ ಬಂತು. ಆಲ್ಜಿನೇಟ್ ಬಾಟಲಿಯ ಲಾಟ್ ನಂಬರನ್ನೂ ಬರೆಯಿರಿ. ಕಂದು ಕಡಲಪಾಚಿಯಿಂದ ತೆಗೆಯುವ ಈ ಪುಡಿಯ ಸ್ನಿಗ್ಧತೆ ಲಾಟಿನಿಂದ ಲಾಟಿಗೆ ಬೇರೆ. ಹಳೆ ಬಾಟಲಿಗೆ 2% ಸರಿಹೋಗಿದ್ದರೆ ಹೊಸದಕ್ಕೆ 1.5% ಸಾಕಾಗಬಹುದು.