ಬಾಸ್ ಕೊನೆಗೂ ಕೂತರು: ವೆಸ್ಟ್‌ಮಿನ್‌ಸ್ಟರ್ ಚಾಪೆಲ್ ಮಾದರಿ, ಐದನೇ ತಿಂಗಳು

ನಿಂತಿದೆ! ಇದನ್ನು ಬರೆಯುವ ಮಧ್ಯೆ ಎರಡು ಸಲ ಎದ್ದು ಹೋಗಿ ನೋಡಿ ಬಂದೆ. ಆಸರೆ ತೆಗೆದು ಹದಿನಾಲ್ಕು ಗಂಟೆ ಆಯಿತು. ಮೂರನೇ ಅಂಕಣದ ಕಮಾನು ಇನ್ನೂ ಬಿದ್ದಿಲ್ಲ.

ನೆನಪಿಗೆ ಒಂದು ಮಾತು. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದೊಳಗೆ, ಸೇಂಟ್ ಸ್ಟೀಫನ್ಸ್ ಹಾಲ್‌ನ ಕೆಳಗೆ, ಸೇಂಟ್ ಮೇರಿ ಅಂಡರ್‌ಕ್ರಾಫ್ಟ್ ಅನ್ನುವ ಚಾಪೆಲ್ (ಪ್ರಾರ್ಥನಾ ಮಂದಿರ) ಇದೆ. ಅದರ ಮಾದರಿಯನ್ನು 1:50ರಲ್ಲಿ, ಅಂದರೆ ಐವತ್ತು ಪಟ್ಟು ಚಿಕ್ಕದಾಗಿ, ಮಾಡುತ್ತಿದ್ದೇನೆ. ನೆಲ, ಗೋಡೆ, ಕಂಬ ಮುಗಿದವು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ, ನೀವೆಲ್ಲ ಮಾಡಿರುವುದೇ. ಛಾವಣಿ ಮಾತ್ರ ನನ್ನ ಎರಡೂವರೆ ತಿಂಗಳು ತಿಂದಿತು.

ಮೂಲ ಚಾಪೆಲ್ ಸುಮಾರು 90 ಅಡಿ ಉದ್ದ, 28 ಅಡಿ ಅಗಲ, ಐದು ಅಂಕಣ. ನನ್ನ ಅಳತೆಗೆ ಇಳಿಸಿದರೆ ಒಂದು ಅಂಕಣ 11 ಸೆಂ.ಮೀ. ಉದ್ದ, 17 ಸೆಂ.ಮೀ. ಅಗಲ. ಮೂಲೆಯಿಂದ ಮೂಲೆಗೆ 20. ತೊಂದರೆ ಶುರುವಾಗುವುದೇ ಇಲ್ಲಿ. ಛಾವಣಿ ಹೊರುವ ಬಾಗಿದ ಪಟ್ಟಿಗಳು, ಅಂದರೆ ಮೂರು ಬೇರೆ ಬೇರೆ ಅಗಲದ ರಿಬ್‌ಗಳು ಒಂದೇ ಎತ್ತರಕ್ಕೆ ಬಂದು ಸೇರಬೇಕು. ಅರ್ಧವೃತ್ತ ಹಾಕಿದರೆ ಒಂದು 5.5ಕ್ಕೆ ನಿಲ್ಲುತ್ತದೆ, ಇನ್ನೊಂದು 8.5, ಮೂರನೆಯದು 10. ಹಾಗಾಗಿ ಒಂದೊಂದಕ್ಕೂ ಬೇರೆ ತ್ರಿಜ್ಯ, ಚೂಪು ಕಮಾನು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇದು ಲಿಯರ್ನ್ ಕಮಾನು, ಇಂಗ್ಲೆಂಡಿನಲ್ಲಿ ಉಳಿದಿರುವ ಹಳೆಯವುಗಳಲ್ಲಿ ಒಂದು. ಅಂದರೆ ಕಂಬವನ್ನೂ ಮುಟ್ಟದ, ನಡುವಿನ ಬಾಸನ್ನೂ (ರಿಬ್‌ಗಳು ಬಂದು ಕೂಡುವ ಕೆತ್ತನೆಯ ಕಲ್ಲು) ಮುಟ್ಟದ ಪುಟ್ಟ ರಿಬ್‌ಗಳು ಒಂದರಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಜೋತು ಬಿದ್ದಿರುತ್ತವೆ. ಮದುವೆ ಮನೆಯಲ್ಲಿ ಯಾರ ಕಡೆಯವರು ಅಂತ ಗೊತ್ತಾಗದೆ ಓಡಾಡುವ ನೆಂಟರ ಹಾಗೆ.

ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದು, ಒಂದಕ್ಕೊಂದು ಸಿಕ್ಕಿಸುವ ಸೀಳು ಕೊರೆದು, ಮರದ ಪುಡಿ ಒತ್ತಿ ಮಾಡಿದ ಹಲಗೆಯಾದ ಎಂಡಿಎಫ್‌ನಲ್ಲಿ ಲೇಸರ್ ಕಟ್ ಮಾಡಿಸಿದೆ. ತೆರೆಯ ಮೇಲೆ ಕೂದಲೂ ನುಸುಳದಷ್ಟು ಬಿಗಿ. ಮೇಜಿನ ಮೇಲೆ ಗೋಡೆಯಿಂದ ಶುರು ಮಾಡಿ ನಡುವಿಗೆ ಬಂದೆ. ಬಾಸ್ ಕೂರಿಸುವ ಹೊತ್ತಿಗೆ 2 ಮಿ.ಮೀ. ಪಕ್ಕಕ್ಕೆ ಹೋಗಿತ್ತು. ನನ್ನ ಗಣಿತವೇ ತಪ್ಪು ಅಂದುಕೊಂಡು ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಎಂಡಿಎಫ್ ಹಾಳೆಗೆ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದೆ. ಬಿಲ್ಲಿನಲ್ಲಿ 2 ಮಿ.ಮೀ., ಕೈಯಲ್ಲಿ 2.3. ಗೋಡೆಯಿಂದ ಬಾಸ್‌ವರೆಗೆ ಏಳು ಜೋಡಣೆ, ಒಂದೊಂದರಲ್ಲೂ 0.3 ಹೆಚ್ಚು. ಏಳು ಮೂರಲಿ ಇಪ್ಪತ್ತೊಂದು. ಮಗ್ಗಿ ಸುಳ್ಳು ಹೇಳಲ್ಲ.

ಮಾರಿದವರಿಗೆ ಫೋನ್ ಮಾಡಿದೆ. "ಸಾರ್, ಎಂಡಿಎಫ್ ಅಂದ್ರೆ ಹಾಗೇ, ಸ್ವಲ್ಪ ಊದ್ಕೊಳ್ಳುತ್ತೆ" ಅಂದರು. ಬಿಲ್ ಮಾಡುವಾಗ ಊದಿರಲಿಲ್ಲ ಅಲ್ವಾ?

ಎರಡನೇ ಸಲ ಉಜ್ಜಿ ಉಜ್ಜಿ ಕೂರಿಸಿದೆ. ಒಂದು ಕಡೆ ಸರಿಹೋದರೆ ಎದುರುಗಡೆ ಬಾಯಿ ಬಿಟ್ಟಿತು. ಮೂರನೇ ಸಲ ಸೂಪರ್ ಗ್ಲೂ ಮೇಲೆ ಭಾರ ಹಾಕಿ ಮಲಗಿದೆ. ರಾತ್ರಿ ಮೂರು ಗಂಟೆಗೆ ಚಟ್ ಅಂತ ಸದ್ದು. ಬೆಳಿಗ್ಗೆ ನೆಲದ ಮೇಲೆ ಮೀನಿನ ಮುಳ್ಳಿನ ರಾಶಿ.

ಆಗ ಹೊಳೆದದ್ದು ಇಷ್ಟೇ. ಕಲ್ಲು ಕೆಲಸದವರು ನನ್ನ ಹಾಗೆ ಗೋಡೆಯಿಂದ ನಡುವಿಗೆ ನಂಬಿಕೆಯ ಮೇಲೆ ಹೋಗುತ್ತಿರಲಿಲ್ಲ. ಮೊದಲು ಮರದ ಸೆಂಟ್ರಿಂಗ್. ಅದರ ಮೇಲೆ, ಸರಿಯಾದ ಎತ್ತರದಲ್ಲಿ, ಬಾಸ್. ಬಾಸ್ ಕಲ್ಲಿನಲ್ಲೇ ಎಲ್ಲ ದಿಕ್ಕಿಗೂ ರಿಬ್‌ನ ಮೋಟು ತುದಿ ಕೆತ್ತಿರುತ್ತಿದ್ದರು. ಬಾಸ್ ಮೊದಲು ಬಂದು ಕೂರಬೇಕು, ಉಳಿದವರು ಹೊಂದಿಕೊಳ್ಳಬೇಕು. ಆಫೀಸಿನಲ್ಲಿ ಇಷ್ಟು ವರ್ಷ ಇದ್ದೂ ಇದು ಗೊತ್ತಾಗಲಿಲ್ಲ ನನಗೆ.

ಹಾಗೇ ಮಾಡಿದೆ. ಹಿತ್ತಾಳೆ ಸ್ಕ್ರೂ ಕಂಬದ ಮೇಲೆ ಬಾಸ್, ತಿರುಗಿಸಿದರೆ ಕೂದಲೆಳೆಯಷ್ಟು ಏರುತ್ತದೆ, ಇಳಿಯುತ್ತದೆ. ಬಾಸ್‌ಗಳನ್ನು ಮೋಟು ತುದಿ ಸಮೇತ ರೆಸಿನ್‌ನಲ್ಲಿ ಎರಕ ಹೊಯ್ದೆ. ಪ್ರತಿ ರಿಬ್ಬನ್ನೂ ಬೇಕೆಂದೇ 3 ಮಿ.ಮೀ. ಹೆಚ್ಚು ಉದ್ದ ಬಿಟ್ಟು, ಕಟ್ಟಕಡೆಗೆ ನಡುವಿನ ತುಂಡನ್ನು ಜಾಗ ನೋಡಿ ಉಜ್ಜಿದೆ. ಎರಡು ಸಂಜೆಯಲ್ಲಿ ಮುಗಿಯಿತು. ಬಾಸ್ ಮೇಲಿನ ಚಿತ್ರಗಳೂ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ: ಸಂತ ಸ್ಟೀಫನ್‌ಗೆ ಕಲ್ಲೇಟು, ಸಂತ ಲಾರೆನ್ಸ್‌ಗೆ ಕಾದ ಕಬ್ಬಿಣದ ಜಾಲರಿ. ಲಾರೆನ್ಸ್ ಮುಖಭಾವ ನನ್ನದೇ.

ಇನ್ನು ಖರ್ಚು. ನನ್ನ ನೋಟ್‌ಬುಕ್ಕಿನ ಬಲಪುಟದಲ್ಲಿ ನನ್ನ ಲೆಕ್ಕ. ಅದನ್ನು ಇಲ್ಲಿ ಬರೆಯಲ್ಲ, ಮನೆಯವರೂ ಓದುತ್ತಾರೆ. ಎಡಪುಟದಲ್ಲಿ ರಾಜರ ಲೆಕ್ಕ. ಒಂದನೇ ಎಡ್ವರ್ಡ್ 1292ರಲ್ಲಿ ಅರಮನೆಯೊಳಗೆ ಈ ಎರಡಂತಸ್ತಿನ ಚಾಪೆಲ್ ಶುರು ಮಾಡಿಸಿದ. 1297ಕ್ಕೆ ಯುದ್ಧಕ್ಕೇ ದುಡ್ಡು ಸಾಲದೆ ಕೆಲಸ ನಿಂತಿತು. ಮೇಲಂತಸ್ತು ಮುಗಿಯಲು ಮೊಮ್ಮಗ ಮೂರನೇ ಎಡ್ವರ್ಡ್ ಬರಬೇಕಾಯಿತು. ಐದು ತಿಂಗಳಿಗೆ ನನ್ನನ್ನು ಆಡಿಕೊಳ್ಳುವವರು ಗಮನಿಸಿ.

1350ರ ದಶಕದಲ್ಲಿ ಮೇಲಂತಸ್ತಿಗೆ ಬಣ್ಣ, ಗಾಜು ಹಾಕಿದಾಗಿನ ಲೆಕ್ಕದ ಸುರುಳಿಗಳು ಉಳಿದಿವೆ. ಚಿನ್ನದ ಹಾಳೆ ನೂರಕ್ಕೆ 5 ಶಿಲ್ಲಿಂಗ್. ಮುಖ್ಯ ಚಿತ್ರಕಾರ ಸೇಂಟ್ ಆಲ್ಬನ್ಸಿನ ಹ್ಯೂ ಎಂಬವನ ಕೂಲಿ ದಿನಕ್ಕೆ 1 ಶಿಲ್ಲಿಂಗ್. ಅಂದರೆ ಅವನ ಒಂದು ದಿನದ ದುಡಿಮೆಗೆ ಇಪ್ಪತ್ತೇ ಹಾಳೆ. ಕುಂಚಕ್ಕೆ ನವಿಲು, ಹಂಸದ ಗರಿ, ಅಳಿಲಿನ ಬಾಲ. ಗಾಜಿನ ನಕ್ಷೆ ಬರೆಯುವ ಹಲಗೆ ತೊಳೆಯಲು ಬಿಯರ್ ಕೊಂಡಿದ್ದಕ್ಕೂ ಲೆಕ್ಕ ಇದೆ. ಹಲಗೆ ಎಷ್ಟು ಕುಡಿಯಿತೋ, ಕೆಲಸಗಾರರು ಎಷ್ಟು ಕುಡಿದರೋ, ಅದನ್ನು ಬರೆದಿಲ್ಲ.

ನನ್ನ ಕಮಾನಿಗೆ ಐವತ್ತು ಹಾಳೆ ಬೇಕು. ಹ್ಯೂ ಲೆಕ್ಕದಲ್ಲಿ ಎರಡೂವರೆ ದಿನದ ಕೂಲಿ. ನಾನು ನಕಲಿ ಹಾಳೆ ಹಾಕುತ್ತೇನೆ. ಬಲಪುಟದಲ್ಲಿ ಚಿನ್ನಕ್ಕಿಂತ ದೊಡ್ಡ ಸಾಲು ಬೇರೆಯೇ ಇದೆ: ಹಿತ್ತಾಳೆ ಸ್ಕ್ರೂ, ಆಸರೆ, ಅಚ್ಚು, ಕಸದ ಬುಟ್ಟಿಗೆ ಹೋದ ಮೂರು ಛಾವಣಿ. ಒಟ್ಟು ಖರ್ಚಿನ ಅರ್ಧಕ್ಕಿಂತ ಜಾಸ್ತಿ. ಮುಗಿದ ಮೇಲೆ ಇದರಲ್ಲಿ ಒಂದೂ ಕಾಣಲ್ಲ.

ಲೆಕ್ಕದ ವಿಷಯ ಬಂತಲ್ಲ, 1834ರ ಅಕ್ಟೋಬರ್ 16ರಂದು ಈ ಅರಮನೆ ಸುಟ್ಟಿದ್ದೇ ಲೆಕ್ಕದಿಂದ. ಟ್ಯಾಲಿ ಕಡ್ಡಿಗಳಿಂದ. ಹೌದು, ಟ್ಯಾಲಿ. ಆಗ ಅದು ಗೀಟು ಕೊರೆದ ಮರದ ಕಡ್ಡಿ. ಬೇಡದ ಹಳೆಯ ಕಡ್ಡಿಗಳನ್ನು ಹೌಸ್ ಆಫ್ ಲಾರ್ಡ್ಸ್ ಕೆಳಗಿನ ಒಲೆಗೆ ತುಂಬಿದರು, ಕಟ್ಟಡವೇ ಹತ್ತಿಕೊಂಡಿತು. ಮೇಲಿನ ಚಾಪೆಲ್ ಹೋಯಿತು, ಕೆಳಗಿನದು ಉಳಿಯಿತು. ಈಗ ಕಾಣುವ ಬಣ್ಣ, ಚಿನ್ನ 1860ರ ದಶಕದಲ್ಲಿ ವಾಸ್ತುಶಿಲ್ಪಿ ಎಡ್ವರ್ಡ್ ಬ್ಯಾರಿ ಹಾಕಿಸಿದ್ದು. ಆ ಒಲೆಯನ್ನು ಮಿನುಗುವ ಎಲ್‌ಇಡಿ ಇಟ್ಟು ಮಾಡಬೇಕು ಅಂತ ಮನಸ್ಸು ಜಿಗಿಯುತ್ತಿದೆ. ಅದಕ್ಕೂ ಮೊದಲು ಇದೇ ಚಾಪೆಲಿನ ಬೀರು, 1:12ರಲ್ಲಿ. 1911ರ ಜನಗಣತಿಯ ರಾತ್ರಿ, ಹೆಂಗಸರ ಮತದ ಹಕ್ಕಿಗೆ ಹೋರಾಡುತ್ತಿದ್ದ ಎಮಿಲಿ ವೈಲ್ಡಿಂಗ್ ಡೇವಿಸನ್ ಅದರೊಳಗೆ ಅಡಗಿ ಕೂತರು. ಮತದ ಹಕ್ಕಿಲ್ಲದ ಹೆಂಗಸು ಅವತ್ತಿನ ವಿಳಾಸ ಪಾರ್ಲಿಮೆಂಟ್ ಅಂತ ಬರೆಸಲಿಕ್ಕೆ. ಆ ಮಾದರಿಗೆ ಕಮಾನು ಬೇಡ, ಒಂದು ಬಾಗಿಲು ಸಾಕು. ಎಷ್ಟು ನೆಮ್ಮದಿ!

ಇನ್ನೂ ಎರಡು ಅಂಕಣ ಬಾಕಿ. ಹೊಸ ಎಂಡಿಎಫ್ ಹಾಳೆ ಇವತ್ತು ಬಂತು, ಬೇರೆ ಅಂಗಡಿಯದು. ಈ ಸಲ ಪೊಟ್ಟಣ ಬಿಚ್ಚಿದ ಕೂಡಲೇ ಕ್ಯಾಲಿಪರ್ ಹಿಡಿದೆ. 1.8.