ಬ್ಯಾಕ್ಟೀರಿಯಾ ಅಂಟುವ ಮೊದಲೇ

12 ಮಾರ್ಚ್ 2025, ಬುಧವಾರ

ಸೂಕ್ಷ್ಮಜೀವಿಗಳೇ ತಯಾರಿಸುವ, ಸಾಬೂನಿನಂತೆ ವರ್ತಿಸುವ ಜೈವಿಕ ಸರ್ಫ್ಯಾಕ್ಟೆಂಟ್‌ಗಳಿಂದ ಆಹಾರದ ಮೂಲಕ ಹರಡುವ ಬ್ಯಾಕ್ಟೀರಿಯಾಗಳನ್ನು ಎಷ್ಟರಮಟ್ಟಿಗೆ ತಡೆಯಬಹುದು ಎಂಬ ಪ್ರಶ್ನೆಯಲ್ಲೇ ಇಂದಿನ ದಿನ ಕಳೆಯಿತು. ಈ ಸರ್ಫ್ಯಾಕ್ಟೆಂಟ್‌ಗಳನ್ನು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯೆಂದು ಬಿಂಬಿಸುವುದಕ್ಕಿಂತ, ಅವು ನೆಲೆಯೂರದಂತೆ ನೋಡಿಕೊಳ್ಳುವ ವಸ್ತುಗಳೆಂದು ಕಾಣುವುದೇ ಸರಿಯೆಂದು ನನಗೆ ದೃಢವಾಗುತ್ತಿದೆ.

ಇವುಗಳ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ತುದಿ ಕೊಬ್ಬಿಗೆ ಒಲಿಯುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಸರ್ಫ್ಯಾಕ್ಟಿನ್, ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 27ಕ್ಕೆ ಇಳಿಸುತ್ತದೆ. ಇದೇ ಗುಣದಿಂದಾಗಿ ಅದು ಜೀವಕೋಶದ ಪೊರೆಯೊಳಗೆ ನುಸುಳಿ, ಒಳಗಿನ ಅಯಾನುಗಳು ಸೋರಿಹೋಗುವಂತೆ ಮಾಡುತ್ತದೆ. ಲಿಸ್ಟೀರಿಯಾದಂತಹ, ಹೊರಪೊರೆಯಿಲ್ಲದ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳು ಇಂತಹ ದಾಳಿಗೆ ಬೇಗ ಸೋಲುತ್ತವೆ. ಸಾಲ್ಮೊನೆಲ್ಲಾ ಮತ್ತು ಇ. ಕೋಲೈಗಳನ್ನು ಅವುಗಳ ಹೊರಪೊರೆ ಬಹುಮಟ್ಟಿಗೆ ಕಾಪಾಡುತ್ತದೆ. ಇನ್ನೊಂದು ಜೈವಿಕ ಸರ್ಫ್ಯಾಕ್ಟೆಂಟ್ ಆದ ರಾಮ್ನೋಲಿಪಿಡ್‌ನ ಪ್ರಭಾವ ಆಮ್ಲೀಯ ಪರಿಸರದಲ್ಲಿ ಹೆಚ್ಚುತ್ತದೆ, ಏಕೆಂದರೆ ಅಲ್ಲಿ ಅದರ ಋಣ ವಿದ್ಯುದಂಶ ಕಡಿಮೆಯಾಗಿ, ತಾನೂ ಋಣವಾಗಿರುವ ಕೋಶದ ಮೇಲ್ಮೈ ಅದನ್ನು ಅಷ್ಟಾಗಿ ದೂರ ತಳ್ಳುವುದಿಲ್ಲ. ಅದನ್ನು ನೈಸಿನ್ ಎಂಬ ಆಹಾರ ಸಂರಕ್ಷಕದ ಜೊತೆ ಸೇರಿಸಿದರೆ ಲಿಸ್ಟೀರಿಯಾದ ವಿರುದ್ಧ ಎರಡರ ಬಲವೂ ಕೂಡುತ್ತದೆ.

ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಆಹಾರ ಕಾರ್ಖಾನೆಯ ಯಂತ್ರಗಳ ಮೇಲ್ಮೈಯ ವಿಚಾರದಲ್ಲಿ. ಶೀತಲ ಪೆಟ್ಟಿಗೆಯ ತಂಪಿನಲ್ಲೂ ಬೆಳೆಯಬಲ್ಲ ಲಿಸ್ಟೀರಿಯಾ, ಉಕ್ಕಿನ ತಟ್ಟೆ, ಕೊಳವೆ, ಕೀಲುಗಳಿಗೆ ಅಂಟಿಕೊಂಡು ತನ್ನ ಸುತ್ತ ಲೋಳೆಯ ಪದರವನ್ನು ಕಟ್ಟಿಕೊಂಡ ಮೇಲೆ, ಸಾಮಾನ್ಯ ಸೋಂಕುನಿವಾರಕಗಳು ಅದನ್ನು ಸುಲಭವಾಗಿ ತಲುಪಲಾರವು. ಮೊದಲೇ ಆ ಮೇಲ್ಮೈಗೆ ಸರ್ಫ್ಯಾಕ್ಟಿನ್ ಅಥವಾ ರಾಮ್ನೋಲಿಪಿಡ್ ಲೇಪಿಸಿದರೆ ಬ್ಯಾಕ್ಟೀರಿಯಾ ಅಂಟುವ ಪ್ರಮಾಣವೇ ಇಳಿಯುತ್ತದೆ. ಬಯೋಫಿಲ್ಮ್ ಎನ್ನುವ ಆ ಲೋಳೆಯ ಪದರ ಬೆಳೆದ ನಂತರ ಅದನ್ನು ಉಜ್ಜಿ ತೆಗೆಯುವ ಶ್ರಮವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಆಹಾರದೊಳಕ್ಕೆ ಬೆರೆಸುವ ಮಾತು ಬೇರೆ. ಅಲ್ಲಿನ ಪ್ರೋಟೀನು ಮತ್ತು ಕೊಬ್ಬು ಈ ಅಣುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ಯಾಕ್ಟೀರಿಯಾಕ್ಕೆ ಉಳಿಯುವುದು ಸ್ವಲ್ಪವೇ. ಸಹಜವಾದುದೆಲ್ಲ ಸುರಕ್ಷಿತವೆಂಬ ನಂಬಿಕೆಯನ್ನೂ ನಾನು ಒಪ್ಪಲಾರೆ: ಸರ್ಫ್ಯಾಕ್ಟಿನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ರಾಮ್ನೋಲಿಪಿಡ್‌ನ ಮುಖ್ಯ ಮೂಲವಾದ ಸ್ಯೂಡೋಮೋನಾಸ್ ಏರುಜಿನೋಸಾ ಸ್ವತಃ ರೋಗಕಾರಕ. ಹಾಗಿದ್ದರೂ ದಾರಿ ಮುಚ್ಚಿಲ್ಲ. ತಿನ್ನಬಹುದಾದ ಒಂದು ಶಿಲೀಂಧ್ರದಿಂದ ಪಡೆದ ಗ್ಲೈಕೋಲಿಪಿಡ್‌ಗಳಿಗೆ (ಸಕ್ಕರೆ ಮತ್ತು ಕೊಬ್ಬಿನ ಅಂಶ ಕೂಡಿದ ಸರ್ಫ್ಯಾಕ್ಟೆಂಟ್‌ಗಳಿಗೆ) ಐರೋಪ್ಯ ಒಕ್ಕೂಟವು 2022ರಲ್ಲಿ ಇ 246 ಎಂಬ ಸಂಖ್ಯೆ ನೀಡಿ, ಪಾನೀಯಗಳ ಸಂರಕ್ಷಕವಾಗಿ ಅನುಮತಿಸಿದೆ.

ಮುಂದಿನ ಪರೀಕ್ಷೆಗಳನ್ನು ಹೊಳೆಯುವ, ಶುಭ್ರವಾದ ಉಕ್ಕಿನ ಮೇಲಷ್ಟೇ ಅಲ್ಲದೆ, ಹಾಲಿನ ಮತ್ತು ಮಾಂಸದ ಜಿಡ್ಡು ಒಣಗಿದ ಉಕ್ಕಿನ ಮೇಲೂ ನಡೆಸಬೇಕೆಂದು ಬರೆದಿಟ್ಟುಕೊಂಡಿದ್ದೇನೆ; ಕಾರ್ಖಾನೆಯಲ್ಲಿ ಲಿಸ್ಟೀರಿಯಾ ಎದುರಿಸುವುದು ಅಂತಹ ಮೇಲ್ಮೈಯನ್ನೇ.